ಕೈಯಿಂದ ಶುರುವಾಗುವ ಆಟ, ಲೋಕದಿಂದ ಶುರುವಾಗುವ ಆಟ

ವಿಡಿಯೋ ಗೇಮ್‌ಗಳನ್ನು ಕಲೆಯೆಂದು ಗಣಿಸಿ ಚರ್ಚಿಸುವವರ ನಡುವೆ ಒಂದು ವಿವರಣೆ ಬಹುಕಾಲದಿಂದ ಚಲಾವಣೆಯಲ್ಲಿದೆ. ಜಪಾನಿನ ಗೇಮ್‌ಗಳು ಮಿತವಾದವು, ಶಿಸ್ತಿನವು, ಹಾಕಿಕೊಟ್ಟ ದಾರಿಯಲ್ಲಿ ಆಟಗಾರನನ್ನು ನಡೆಸಿಕೊಂಡು ಹೋಗುವಂಥವು. ಅಮೆರಿಕ ಮತ್ತು ಯುರೋಪಿನ ಗೇಮ್‌ಗಳು ವಿಸ್ತಾರವಾದವು, ಕೊಂಚ ಒರಟಾದವು, ಆಟಗಾರನನ್ನು ಅವನ ಇಚ್ಛೆಗೆ ಬಿಡುವಂಥವು. ಈ ಭೇದಕ್ಕೆ ಕಾರಣ ಆಯಾ ಜನರ ಮನೋಧರ್ಮ ಎಂಬುದು ಅದರ ಸಾರ. ಭೇದ ಇರುವುದು ನಿಜ, ಎರಡೂ ಕಡೆಯ ಗೇಮ್‌ಗಳನ್ನು ಕೆಲವು ವರ್ಷ ಆಡಿದವರಿಗೆ ಅದು ಕಣ್ಣು ಮುಚ್ಚಿದರೂ ತಿಳಿಯುತ್ತದೆ. ಆದರೆ ಅದರ ಬೇರನ್ನು ಜನಾಂಗದ ಸ್ವಭಾವದಲ್ಲಿ ಹುಡುಕುವುದನ್ನು ನಾನು ಒಪ್ಪಲಾರೆ. ಯಾವ ಕಸುಬಿನಿಂದ ಬಂದವರು, ಯಾವ ಯಂತ್ರದ ಮುಂದೆ ಕುಳಿತು, ಯಾರ ಕೈಗೆ ಕೊಡಲೆಂದು ಗೇಮ್ ಮಾಡಿದರು ಎಂಬುದನ್ನು ನೋಡಿದರೆ ಸಾಕು, ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಜಪಾನಿನ ವಿನ್ಯಾಸಕರು ಬಹುಪಾಲು ಆಟಗಾರನ ಕೈ ಏನು ಮಾಡುತ್ತದೆ ಎಂಬ ಪ್ರಶ್ನೆಯಿಂದ ಹೊರಟರು. ಪಾಶ್ಚಾತ್ಯ ವಿನ್ಯಾಸಕರು ಬಹುಪಾಲು ಆಟಗಾರ ಎಂಥ ಲೋಕದಲ್ಲಿದ್ದಾನೆ, ಅಲ್ಲಿ ಅವನು ಯಾರಾಗಬಲ್ಲ ಎಂಬ ಪ್ರಶ್ನೆಯಿಂದ ಹೊರಟರು.

ನಿಂಟೆಂಡೊ 1889ರಲ್ಲಿ ಕ್ಯೋಟೊದಲ್ಲಿ ಹನಾಫುಡಾ ಎಂಬ ಇಸ್ಪೀಟೆಲೆಗಳನ್ನು ಮಾಡಲು ಶುರುವಾದ ಸಂಸ್ಥೆ. ಅಲ್ಲಿ ಗುನ್‌ಪೇ ಯೊಕೊಯಿ 1966ರಲ್ಲಿ ‘ಅಲ್ಟ್ರಾ ಹ್ಯಾಂಡ್’ ಎಂಬ, ಚಾಚಿ ದೂರದ ವಸ್ತುವನ್ನು ಹಿಡಿಯುವ ಆಟಿಕೆಯನ್ನು ಮಾಡಿದರು. ಮುಂದೆ 1982ರಲ್ಲಿ ಅವರೇ, ಇಂದು ಬಹುತೇಕ ಎಲ್ಲ ಕಂಟ್ರೋಲರ್‌ಗಳ ಮೇಲೂ ಕಾಣುವ ಪ್ಲಸ್ ಆಕಾರದ ದಿಕ್ಕಿನ ಗುಂಡಿಯನ್ನು ರೂಪಿಸಿದರು. ಅಲ್ಲಿಯೇ ‘ಸೂಪರ್ ಮಾರಿಯೋ ಬ್ರದರ್ಸ್’ ರೂಪಿಸಿದ ಶಿಗೇರು ಮಿಯಾಮೊಟೊ ಕಲಿತದ್ದು ಕೈಗಾರಿಕಾ ವಿನ್ಯಾಸವನ್ನು, ಪ್ರೋಗ್ರಾಮಿಂಗನ್ನಲ್ಲ. ಆಟಿಕೆ ಮಾಡುವವರು ಮೊದಲು ಕೇಳುವುದು ಇದನ್ನು ಹಿಡಿದರೆ, ಒತ್ತಿದರೆ, ಎಳೆದರೆ ಏನಾಗುತ್ತದೆ ಎಂದು. ಅದರ ಜೊತೆಗೆ ಆರ್ಕೇಡ್‌ಗಳ ಪಾಠವೂ ಸೇರಿತು: ನಾಣ್ಯ ಹಾಕಿದವನಿಗೆ ಮೊದಲ ಕೆಲವು ಸೆಕೆಂಡುಗಳಲ್ಲೇ ಆಟ ತಿಳಿಯಬೇಕು, ಸೋತರೂ ಇನ್ನೊಮ್ಮೆ ಆಡಬೇಕೆನಿಸಬೇಕು. 1983ರಲ್ಲಿ ನಿಂಟೆಂಡೊದ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರ ಮನೆಗಳ ಟೀವಿಗೆ ಬಂದಾಗ ಆಟಗಾರನ ಕೈಯಲ್ಲಿದ್ದದ್ದು ದಿಕ್ಕಿನ ಗುಂಡಿ ಮತ್ತು ಎರಡು ಮುಖ್ಯ ಬಟನ್‌ಗಳು. ‘ಸೂಪರ್ ಮಾರಿಯೋ ಬ್ರದರ್ಸ್’ ಇಡೀ ಗೇಮ್ 40 ಕಿಲೋಬೈಟ್‌ಗಳಷ್ಟು. ಗೇಮ್ ತುಂಬಿದ ಕಾರ್ಟ್ರಿಡ್ಜ್ ಒಮ್ಮೆ ಕಾರ್ಖಾನೆಯಿಂದ ಹೊರಬಿದ್ದರೆ ತಿದ್ದುವ ಅವಕಾಶವಿರಲಿಲ್ಲ.

ಅದೇ ಹೊತ್ತಿಗೆ ಅಮೆರಿಕದಲ್ಲಿ ಬೇರೆಯೇ ಒಂದು ವಂಶವೃಕ್ಷ ಬೆಳೆಯುತ್ತಿತ್ತು. ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ಮಾತಿನಲ್ಲೇ ಒಂದು ಲೋಕವನ್ನು ಕಟ್ಟುವ ಆಟ. ಅದನ್ನು ಆಡಿ ಬೆಳೆದ ವಿದ್ಯಾರ್ಥಿಗಳು ಕಂಪ್ಯೂಟರ್ ಮುಂದೆ ಕುಳಿತಾಗ ಆ ಅನುಭವವನ್ನೇ ಯಂತ್ರದೊಳಗೆ ಇಳಿಸಲು ಹವಣಿಸಿದರು. 1981ರ ‘ಅಲ್ಟಿಮಾ’ ಮತ್ತು ‘ವಿಝಾರ್ಡ್ರಿ’ ಹಾಗೆ ಹುಟ್ಟಿದವು. ಅವರ ಆಟಗಾರನ ಬಳಿ ಇಡೀ ಕೀಬೋರ್ಡ್ ಇತ್ತು, ಕೈಪಿಡಿಯನ್ನು ಓದುವ ತಾಳ್ಮೆ ಇತ್ತು, ಪಕ್ಕದಲ್ಲಿ ನಕ್ಷೆ ಬರೆದುಕೊಳ್ಳಲು ಚೌಕುಳಿ ಹಾಳೆಯೂ ಇರುತ್ತಿತ್ತು.

1985ನೇ ಇಸವಿಯೊಂದನ್ನೇ ತೆಗೆದುಕೊಂಡರೆ ಈ ಎರಡು ದಾರಿಗಳು ಎಷ್ಟು ದೂರ ದೂರ ಇದ್ದವೆಂದು ಕಾಣುತ್ತದೆ. ಆ ವರ್ಷ ಜಪಾನಿನಲ್ಲಿ ‘ಸೂಪರ್ ಮಾರಿಯೋ ಬ್ರದರ್ಸ್’ ಬಂತು, ಅಮೆರಿಕದಲ್ಲಿ ರಿಚರ್ಡ್ ಗ್ಯಾರಿಯಟ್ ಅವರ ‘ಅಲ್ಟಿಮಾ 4: ಕ್ವೆಸ್ಟ್ ಆಫ್ ದಿ ಅವತಾರ್’ ಬಂತು.

ಮಾರಿಯೋನ ಮೊದಲ ಲೆವೆಲ್‌ನ ಮೊದಲ ಪರದೆಯನ್ನು ನಿಧಾನವಾಗಿ ನೋಡಬೇಕು. ಮಾರಿಯೋ ಪರದೆಯ ಎಡಭಾಗದಲ್ಲಿ, ಬಲಕ್ಕೆ ಮುಖ ಮಾಡಿ ನಿಂತಿದ್ದಾನೆ. ಬಲಗಡೆ ಖಾಲಿ ಜಾಗ. ಯಾರೂ ಹೇಳದೆಯೇ ಆಟಗಾರ ಬಲಕ್ಕೆ ಹೋಗುತ್ತಾನೆ. ಮಿನುಗುವ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆ ಮೇಲೆ ಕಾಣುತ್ತದೆ, ಕೆಳಗೆ ಹುಬ್ಬು ಗಂಟಿಕ್ಕಿದ ಗೂಂಬಾ ಎಂಬ ಶತ್ರು ಎದುರಿನಿಂದ ಬರುತ್ತದೆ. ಅದು ಮುಟ್ಟಿದರೆ ಸಾವು, ಆದರೆ ಕಳೆದುಕೊಂಡದ್ದು ಕೆಲವೇ ಹೆಜ್ಜೆಗಳ ದಾರಿ. ಮುಂದಿನ ಸಲ ಹಾರಿದರೆ ಒಂದೋ ಗೂಂಬಾದ ತಲೆಯ ಮೇಲೆ ಬಿದ್ದು ಅದು ಚಪ್ಪಟೆಯಾಗುತ್ತದೆ, ಇಲ್ಲವೇ ಮಾರಿಯೋನ ತಲೆ ಪೆಟ್ಟಿಗೆಗೆ ತಾಗಿ ನಾಣ್ಯ ಹೊರಬೀಳುತ್ತದೆ. ಇನ್ನೊಂದು ಪೆಟ್ಟಿಗೆಯಿಂದ ಅಣಬೆ ಹೊರಬಂದು ಬಲಕ್ಕೆ ಜಾರಿ ಹೋಗಿ, ಕೆಳಗಿಳಿದು, ಪೈಪಿಗೆ ಬಡಿದು ವಾಪಸು ಮಾರಿಯೋನತ್ತಲೇ ಬರುತ್ತದೆ. ಅದನ್ನೂ ಶತ್ರುವೆಂದು ಬಗೆದು ತಪ್ಪಿಸಿಕೊಳ್ಳಲು ಹಾರಿದರೆ ಮೇಲಿನ ಇಟ್ಟಿಗೆಗಳು ಅಡ್ಡ ಬರುತ್ತವೆ. ಬಹುತೇಕ ಆಟಗಾರರಿಗೆ ಅಣಬೆ ತಾಗಿಯೇ ತಾಗುತ್ತದೆ, ಮಾರಿಯೋ ದೊಡ್ಡವನಾಗುತ್ತಾನೆ. ಈ ಜೋಡಣೆ ಆಕಸ್ಮಿಕವಲ್ಲ ಎಂಬುದನ್ನು ಮಿಯಾಮೊಟೊ ತಮ್ಮ ಸಹವಿನ್ಯಾಸಕ ತಕಾಶಿ ತೆಜುಕಾ ಅವರೊಡನೆ ಕುಳಿತು ಮುಂದೊಮ್ಮೆ ವಿವರಿಸಿದ್ದಾರೆ. ಇನ್ನೂ ಸ್ವಲ್ಪ ಮುಂದೆ ಎದುರುಬದುರಾದ ಎರಡು ಮೆಟ್ಟಿಲುಸಾಲುಗಳಿವೆ. ಮೊದಲ ಜೋಡಿಯ ನಡುವೆ ನೆಲವಿದೆ, ಹಾರುವುದು ತಪ್ಪಿದರೂ ಏನೂ ಆಗುವುದಿಲ್ಲ. ಅದೇ ಆಕಾರದ ಎರಡನೆಯ ಜೋಡಿಯ ನಡುವೆ ಹಳ್ಳವಿದೆ. ಗುಂಡಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿದರೆ ಅಷ್ಟು ಎತ್ತರದ ಜಿಗಿತ, ಓಡಿ ಬಂದರೆ ಇನ್ನೂ ದೂರದ ಜಿಗಿತ, ಗಾಳಿಯಲ್ಲಿದ್ದಾಗಲೂ ಸ್ವಲ್ಪ ಹಿಂದೆ ಮುಂದೆ ಸರಿಯುವ ಅವಕಾಶ: ಇಡೀ ಗೇಮ್ ಈ ಒಂದು ಜಿಗಿತದ ಸುತ್ತ ಕಟ್ಟಿದ್ದು.

ನಮ್ಮೂರುಗಳಲ್ಲಿ 1990ರ ದಶಕದಲ್ಲಿ ಬೆಳೆದ ಎಷ್ಟೋ ಮಂದಿ ಈ ಗೇಮನ್ನು ಕಂಡದ್ದು ಫ್ಯಾಮಿಕಾಮ್‌ನ ಅಗ್ಗದ ನಕಲು ಕನ್ಸೋಲ್‌ಗಳಲ್ಲಿ. ಕೈಪಿಡಿ ಇರಲಿಲ್ಲ, ಅದನ್ನು ಮಾಡಿದವರ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಆದರೂ ಯಾರಿಗೂ ಆಟ ಹೇಳಿಕೊಡಬೇಕಾಗಲಿಲ್ಲ. ಜಪಾನೀ ವಿನ್ಯಾಸದ ಬಗ್ಗೆ ನನಗಿರುವ ಗೌರವದ ಬಹುಭಾಗ ಇಲ್ಲಿಂದಲೇ ಬಂದದ್ದು. ತನ್ನ ಭಾಷೆ ಬಾರದ, ತನ್ನ ಊರು ಕಾಣದ ಮಗುವಿಗೂ ಕಲಿಸಬಲ್ಲ ಗೇಮನ್ನು ಒಬ್ಬರು ಮಾಡಿದ್ದರು.

‘ಅಲ್ಟಿಮಾ 4’ರ ಪೆಟ್ಟಿಗೆಯಲ್ಲಿ ಪುಸ್ತಕಗಳಿದ್ದವು, ಬಟ್ಟೆಯ ಮೇಲೆ ಮುದ್ರಿಸಿದ ನಕ್ಷೆಯಿತ್ತು, ಲೋಹದ ಒಂದು ಪದಕವಿತ್ತು. ಗೇಮ್ ಶುರುವಾಗುವುದು ಕಣಿ ಹೇಳುವ ಹೆಂಗಸಿನ ಪ್ರಶ್ನೆಗಳಿಂದ; ಪ್ರಾಮಾಣಿಕತೆ ಮತ್ತು ಕರುಣೆ ಎದುರುಬದುರಾದರೆ ಯಾವುದನ್ನು ಆರಿಸುತ್ತೀ ಎಂಬಂಥ ಆ ಪ್ರಶ್ನೆಗಳಿಗೆ ಕೊಟ್ಟ ಉತ್ತರವೇ ಆಟಗಾರನ ಪಾತ್ರವನ್ನು ನಿರ್ಧರಿಸುತ್ತದೆ. ಕೊಂದು ಮುಗಿಸಬೇಕಾದ ಖಳನಾಯಕ ಈ ಗೇಮ್‌ನಲ್ಲಿ ಇಲ್ಲ. ಎಂಟು ಸದ್ಗುಣಗಳನ್ನು ಬದುಕಿ ತೋರಿಸುವುದೇ ಗುರಿ. ಒಂದು ಅಂಗಡಿಯಲ್ಲಿ ಕುರುಡಿ ವ್ಯಾಪಾರಿ ಮಂತ್ರಕ್ಕೆ ಬೇಕಾದ ಗಿಡಮೂಲಿಕೆಗಳನ್ನು ಮಾರುತ್ತಾಳೆ. ಬೆಲೆ ಎಷ್ಟೆಂದು ಹೇಳಿ, ನೀನು ಎಷ್ಟು ಕೊಡುತ್ತೀ ಎಂದು ಕೇಳುತ್ತಾಳೆ. ಆಕೆ ಹೇಳಿದ್ದಕ್ಕಿಂತ ಆಟಗಾರ ಕಡಿಮೆ ಕೊಟ್ಟರೂ ಆಕೆಗೆ ಕಾಣುವುದಿಲ್ಲ, ಮೂಲಿಕೆ ಸಿಗುತ್ತದೆ, ಆ ಕ್ಷಣದಲ್ಲಿ ಗೇಮ್ ಒಂದು ಮಾತನ್ನೂ ಆಡುವುದಿಲ್ಲ. ಆದರೆ ಒಳಗೆ ಪ್ರಾಮಾಣಿಕತೆಯ ಲೆಕ್ಕದಲ್ಲಿ ಕಡಿತವಾಗಿರುತ್ತದೆ, ಮುಂದೆಂದೋ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಇಲ್ಲಿ ಕೈಗೆ ಯಾವ ಕೌಶಲವೂ ಬೇಕಿಲ್ಲ, ಒಂದು ಅಂಕಿಯನ್ನು ಟೈಪ್ ಮಾಡಿದರೆ ಮುಗಿಯಿತು. ವಿನ್ಯಾಸಕನ ಕಣ್ಣಿರುವುದು ಆ ಅಂಕಿಯ ಹಿಂದಿರುವ ಮನುಷ್ಯನ ಮೇಲೆ. ಆಟಗಾರನನ್ನು ಇಷ್ಟು ಗಂಭೀರವಾಗಿ, ಒಬ್ಬ ನೈತಿಕ ವ್ಯಕ್ತಿಯೆಂದು ನಡೆಸಿಕೊಂಡ ಗೇಮ್ ಅಷ್ಟು ಹಿಂದೆಯೇ ಬಂದಿತ್ತು ಎಂಬುದು ಈಗಲೂ ನನ್ನನ್ನು ಬೆರಗುಗೊಳಿಸುತ್ತದೆ.

ಇವೆರಡು ದಾರಿಗಳು ಒಂದನ್ನೊಂದು ಅರಿಯದೆ ಬೆಳೆದವು ಎಂದುಕೊಂಡರೆ ಮಾತ್ರ ಮನೋಧರ್ಮದ ವಾದ ನಿಲ್ಲುತ್ತದೆ. 1983ರಲ್ಲಿ ಯೂಜಿ ಹೊರಿಯಿ ಮತ್ತು ಕೊಯಿಚಿ ನಕಾಮುರಾ ಎಂಬ ಇಬ್ಬರು ಯುವಕರು ಸ್ಯಾನ್ ಫ್ರಾನ್ಸಿಸ್ಕೊದ ಆ್ಯಪಲ್‌ಫೆಸ್ಟ್ ಮೇಳಕ್ಕೆ ಹೋಗಿ ‘ವಿಝಾರ್ಡ್ರಿ’ಯನ್ನು ಕಂಡು ಮರುಳಾದರು. 1986ರ ‘ಡ್ರ್ಯಾಗನ್ ಕ್ವೆಸ್ಟ್’ ಆ ಮೋಹದ ಫಲ. ವಿಶಾಲ ಭೂಪಟದ ಮೇಲೆ ನಡೆಯುವುದು ‘ಅಲ್ಟಿಮಾ’ದಿಂದ ಬಂತು, ಶತ್ರುವನ್ನು ಎದುರೆದುರು ಕಾಣುವ ಕಾಳಗ ‘ವಿಝಾರ್ಡ್ರಿ’ಯಿಂದ ಬಂತು. ಹೊರಿಯಿ ಮಾಡಿದ್ದು ಅದನ್ನು ಕೀಬೋರ್ಡ್ ಇಲ್ಲದ ಮಗುವಿನ ಕೈಗೆ ಹೊಂದಿಸುವ ಕೆಲಸವನ್ನು. ‘ವಿಝಾರ್ಡ್ರಿ’ಯಲ್ಲಿ ಆರು ಮಂದಿಯ ತಂಡವನ್ನು ಆಟಗಾರನೇ ಕಟ್ಟಬೇಕು, ಇಲ್ಲಿ ಒಬ್ಬನೇ ವೀರ, ಅವನ ಎದುರಿಗೆ ಒಂದು ಸಲಕ್ಕೆ ಒಂದೇ ಶತ್ರು. ಅಲ್ಲಿ ಸತ್ತವರು ಶಾಶ್ವತವಾಗಿ ಹೋಗಿಬಿಡಬಹುದು. ಇಲ್ಲಿ ಸತ್ತರೆ ಅರ್ಧ ಚಿನ್ನ ಹೋಗುತ್ತದೆ, ಗಳಿಸಿದ ಅನುಭವದ ಅಂಕಗಳು ಉಳಿಯುತ್ತವೆ, ವೀರ ರಾಜನ ಮುಂದೆ ಮತ್ತೆ ಎದ್ದು ನಿಲ್ಲುತ್ತಾನೆ. ಆಟ ಶುರುವಾಗುವ ರಾಜಸಭೆಯೇ ಒಂದು ಪಾಠಶಾಲೆ. ಬಾಗಿಲಿಗೆ ಬೀಗ ಹಾಕಿದೆ. ಪೆಟ್ಟಿಗೆಗಳಲ್ಲೊಂದರಲ್ಲಿ ಬೀಗದ ಕೈ ಇದೆ. ಮಾತಾಡು, ತೆಗೆದುಕೋ, ಬಾಗಿಲು, ಮೆಟ್ಟಿಲು ಎಂಬ ಆಜ್ಞೆಗಳನ್ನು ಪಟ್ಟಿಯಿಂದ ಆರಿಸಿ ಬಳಸದೆ ಆ ಕೋಣೆಯಿಂದ ಹೊರಬೀಳುವಂತಿಲ್ಲ. ಹೊರಬೀಳುವಷ್ಟರಲ್ಲಿ ಗೇಮ್‌ನ ಅರ್ಧ ವ್ಯಾಕರಣ ಕೈಗೆ ಬಂದಿರುತ್ತದೆ. ಮಾರಿಯೋನ ಮೊದಲ ಪರದೆಯಲ್ಲಿ ಮಾಡಿದ್ದನ್ನೇ ಹೊರಿಯಿ ಪಾತ್ರ ವಹಿಸಿ ಆಡುವ ರೋಲ್ ಪ್ಲೇಯಿಂಗ್ ಗೇಮ್‌ಗೆ ಮಾಡಿದರು. ಜಪಾನಿನದೇ ಎಂದು ಜಗತ್ತು ಇಂದು ಗುರುತಿಸುವ ಪ್ರಕಾರದ ತಾಯಿಬೇರು ಅಮೆರಿಕದ ಕಾಲೇಜು ಹುಡುಗರ ಕಂಪ್ಯೂಟರಿನಲ್ಲಿತ್ತು.

ಎದುರು ದಿಕ್ಕಿನ ಸಂಚಾರವೂ ಅಷ್ಟೇ ಮುಖ್ಯ. 1990ರಲ್ಲಿ ಜಾನ್ ಕಾರ್ಮ್ಯಾಕ್ ಮತ್ತು ಟಾಮ್ ಹಾಲ್, ಮಾರಿಯೋ ಗೇಮ್‌ನ ಹಾಗೆ ಪರದೆ ನಯವಾಗಿ ಪಕ್ಕಕ್ಕೆ ಸರಿಯುವುದನ್ನು ಪರ್ಸನಲ್ ಕಂಪ್ಯೂಟರಿನಲ್ಲಿ ಸಾಧಿಸಿ, ‘ಸೂಪರ್ ಮಾರಿಯೋ ಬ್ರದರ್ಸ್ 3’ರ ಮೊದಲ ಲೆವೆಲನ್ನೇ ಮಾದರಿಯಾಗಿ ಮಾಡಿ ತೋರಿಸಿದರು. ಆ ಗೆಳೆಯರ ಗುಂಪು ಕಟ್ಟಿದ ಇಡ್ ಸಾಫ್ಟ್‌ವೇರ್ 1993ರಲ್ಲಿ ‘ಡೂಮ್’ ಹೊರತಂದಿತು. ‘ಡೂಮ್’ ಆಡಿದವರಿಗೆ ಗೊತ್ತು, ಅದರ ಜೀವ ಕಥೆಯಲ್ಲಿಲ್ಲ, ಓಟದ ವೇಗದಲ್ಲಿ ಮತ್ತು ಬಂದೂಕಿನ ಒದೆತದಲ್ಲಿದೆ. ಕೈಯಿಂದ ಹೊರಟ ಗೇಮ್‌ಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಟೆಕ್ಸಾಸಿನಿಂದ ಬಂದಿಲ್ಲ. ಹಾಗೆಯೇ ಜಪಾನಿನ ಸೇಗಾ ಸಂಸ್ಥೆಯ ಯು ಸುಜುಕಿ 1999ರ ‘ಶೆನ್‌ಮೂ’ದಲ್ಲಿ ಯೊಕೊಸುಕಾ ಪಟ್ಟಣದ 1986ರ ಬದುಕನ್ನು ಕಟ್ಟಿದರು; ಅಲ್ಲಿ ಮನೆಯ ಮೇಜಿನ ಡ್ರಾಯರ್‌ಗಳನ್ನು ಒಂದೊಂದಾಗಿ ತೆರೆಯಬಹುದು, ಆ ವರ್ಷ ಆ ಊರಿನಲ್ಲಿ ದಾಖಲಾದ ಹವಾಮಾನವನ್ನೇ ಗೇಮ್‌ನಲ್ಲಿ ಕಾಣಬಹುದು. ಲೋಕದಿಂದ ಹೊರಟ ಗೇಮ್ ಅದು, ಅಪ್ಪಟ ಜಪಾನಿನದು.

ಪಾಶ್ಚಾತ್ಯ ಸಂಪ್ರದಾಯದ ಉದಾರತೆ ನನಗೆ ಸಂಪೂರ್ಣವಾಗಿ ಮನವರಿಕೆಯಾದದ್ದು 2000ದ ‘ಡ್ಯೂಸ್ ಎಕ್ಸ್’ನಲ್ಲಿ. ವಾರೆನ್ ಸ್ಪೆಕ್ಟರ್ ಅವರ ತಂಡ ಮೊದಲ ಘಟ್ಟದಲ್ಲೇ ಆಟಗಾರನನ್ನು ಸ್ವಾತಂತ್ರ್ಯ ದೇವಿಯ ಪ್ರತಿಮೆಯಿರುವ ಲಿಬರ್ಟಿ ದ್ವೀಪದಲ್ಲಿ ಇಳಿಸುತ್ತದೆ. ನಾಯಕನ ಅಣ್ಣ ಮೂರು ಆಯುಧಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳುತ್ತಾನೆ. ಮುಂದೆ ಪ್ರತಿಮೆಯ ಒಳಹೋಗಲು ಮುಂಬಾಗಿಲಿನಲ್ಲಿ ಹೊಡೆದಾಡಬಹುದು, ಪೆಟ್ಟಿಗೆಗಳನ್ನು ಏರಿ ಹಿಂಭಾಗದಿಂದ ನುಸುಳಬಹುದು, ದ್ವೀಪದಲ್ಲೇ ಇರುವ ಗುಪ್ತಚರನನ್ನು ಹುಡುಕಿ ಕೀಲಿ ಪಡೆಯಬಹುದು. ಕಚೇರಿಗೆ ಬಂದಾಗ ಕುತೂಹಲಕ್ಕೆ ಹೆಂಗಸರ ಶೌಚಾಲಯದೊಳಗೆ ಕಾಲಿಟ್ಟರೆ ಮೇಲಧಿಕಾರಿ ಆಮೇಲೆ ಅದನ್ನೇ ಎತ್ತಿ ಗದರುತ್ತಾನೆ. ಆಟಗಾರ ಏನು ಮಾಡುತ್ತಾನೋ ತಿಳಿಯದೆಯೇ, ಅವನು ಮಾಡಬಹುದಾದ್ದಕ್ಕೆಲ್ಲ ಉತ್ತರ ಸಿದ್ಧಪಡಿಸಿಡುವ ಶ್ರಮ ಇದು. 2011ರ ‘ಸ್ಕೈರಿಮ್’ನಲ್ಲಿ ಇದು ವಿನ್ಯಾಸಕರ ಊಹೆಯನ್ನೂ ದಾಟಿತು. ಅಂಗಡಿಯವನ ತಲೆಯ ಮೇಲೆ ಬಕೆಟ್ ಕವುಚಿಟ್ಟರೆ ಅವನ ದೃಷ್ಟಿಗೆ ಅಡ್ಡವಾಗುತ್ತದೆ, ದೃಷ್ಟಿಗೆ ಅಡ್ಡವಾದ ಮೇಲೆ ಕಳ್ಳತನ ಅವನ ಗಮನಕ್ಕೆ ಬರುವುದಿಲ್ಲ. ಯಾರೂ ಇದನ್ನು ಒಂದು ಒಗಟೆಂದು ಹೆಣೆದಿರಲಿಲ್ಲ. ವಸ್ತುಗಳಿಗೆ ಭೌತನಿಯಮ, ಮನುಷ್ಯರಿಗೆ ದೃಷ್ಟಿ ಎಂಬ ಎರಡು ವ್ಯವಸ್ಥೆಗಳು ತಾವಾಗಿ ಸೇರಿ ಅದನ್ನು ಹುಟ್ಟಿಸಿದವು.

ಇದರ ಹಿಂದೆಯೂ ಯಂತ್ರವಿದೆ. ಪರ್ಸನಲ್ ಕಂಪ್ಯೂಟರ್ ಬಿಚ್ಚಿ ನೋಡಬಹುದಾದ ಯಂತ್ರ. ‘ಡೂಮ್’ ತನ್ನ ಲೆವೆಲ್‌ಗಳನ್ನು ಬೇರೆ ಕಡತದಲ್ಲಿ ಇಟ್ಟದ್ದರಿಂದ ಆಟಗಾರರೇ ಹೊಸ ಲೆವೆಲ್‌ಗಳನ್ನು ಮಾಡತೊಡಗಿದರು. ನಮ್ಮ ಸೈಬರ್ ಕೆಫೆಗಳಲ್ಲಿ ಒಂದು ತಲೆಮಾರು ಮುಳುಗಿಹೋದ ‘ಕೌಂಟರ್ ಸ್ಟ್ರೈಕ್’ 1999ರಲ್ಲಿ ಶುರುವಾದದ್ದು ‘ಹಾಫ್ ಲೈಫ್’ ಮೇಲೆ ಹವ್ಯಾಸಿಗಳು ಮಾಡಿದ ಮಾರ್ಪಾಡಾಗಿ. ಮುಚ್ಚಿದ ಕಾರ್ಟ್ರಿಡ್ಜ್‌ನಲ್ಲಿ ಇಂಥದ್ದು ಹುಟ್ಟುವುದು ಸಾಧ್ಯವಿರಲಿಲ್ಲ. ಆಟಗಾರನನ್ನು ಸಹಕರ್ತೃವೆಂದು ಕಾಣುವ ದೃಷ್ಟಿ ಪಾಶ್ಚಾತ್ಯ ಗೇಮ್‌ಗಳಿಗೆ ಬಂದದ್ದು ತತ್ತ್ವಶಾಸ್ತ್ರಕ್ಕಿಂತ ಹೆಚ್ಚಾಗಿ ಹಾರ್ಡ್ ಡಿಸ್ಕ್‌ನಿಂದ ಎಂದು ನಾನು ನಂಬುತ್ತೇನೆ.

ಎರಡೂ ಕಡೆ ನಷ್ಟಗಳಿವೆ. ‘ಸ್ಕೈರಿಮ್’ನಲ್ಲಿ ಬೆಟ್ಟದ ಮೇಲೆ ನಿಂತಾಗ ಮೈ ಜುಮ್ಮೆನ್ನುತ್ತದೆ, ಕತ್ತಿ ಬೀಸಿದಾಗ ಏನೂ ಅನ್ನಿಸುವುದಿಲ್ಲ, ಏಟು ತಗುಲಿತೋ ಇಲ್ಲವೋ ಎಂಬುದನ್ನು ಶತ್ರುವಿನ ಆಯಸ್ಸಿನ ಗೆರೆ ನೋಡಿ ತಿಳಿಯಬೇಕು. ಜಪಾನಿನ ಹೊಡೆದಾಟದ ಗೇಮ್‌ಗಳಲ್ಲಿ ಏಟು ಬಿದ್ದ ಕ್ಷಣ ಇಡೀ ಚಿತ್ರವನ್ನು ಕೆಲವೇ ಫ್ರೇಮ್‌ಗಳಷ್ಟು ನಿಲ್ಲಿಸುತ್ತಾರೆ, ಅಷ್ಟರಿಂದಲೇ ತೂಕ ಕೈಗೆ ತಟ್ಟುತ್ತದೆ. ಇನ್ನೊಂದೆಡೆ, 2009ರ ಕೊನೆಯಲ್ಲಿ ಜಪಾನಿನಲ್ಲಿ ಬಂದ ‘ಫೈನಲ್ ಫ್ಯಾಂಟಸಿ 13’ ಕಣ್ಣಿಗೆ ಹಬ್ಬವಾಗಿದ್ದರೂ ಗಂಟೆಗಟ್ಟಲೆ ಒಂದೇ ಓಣಿಯಲ್ಲಿ ಮುಂದೆ ನಡೆಸುತ್ತದೆ. ಆ ವರ್ಷಗಳಲ್ಲಿ ಗೇಮ್ ಸಂಸ್ಥೆ ಕ್ಯಾಪ್‌ಕಾಮ್‌ನ ಕೈಜಿ ಇನಾಫುನೆ ಅಂಥವರೇ ಜಪಾನಿನ ಗೇಮ್ ಉದ್ಯಮದ ಕಥೆ ಮುಗಿಯಿತೆಂದು ಬಹಿರಂಗವಾಗಿ ಹೇಳಿದ್ದರು.

ಆ ನಿರಾಶೆಗೆ ಬಂದ ಉತ್ತರಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 2017ರ ‘ಝೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’. ಹಿದೆಮಾರೊ ಫುಜಿಬಯಾಶಿ ಅವರ ತಂಡ ದೊಡ್ಡ ಬಯಲನ್ನು ಕಟ್ಟುವ ಮೊದಲು, 1986ರ ಮೊದಲ ‘ಝೆಲ್ಡಾ’ದಂತೆ ಕಾಣುವ ಚಪ್ಪಟೆ ಮಾದರಿಯೊಂದನ್ನು ಮಾಡಿ ಅದರಲ್ಲಿ ಮರ ಕಡಿದು, ಬೆಂಕಿ ಹಚ್ಚಿ, ನೀರಿನಲ್ಲಿ ದಿಮ್ಮಿ ತೇಲಿಸಿ ನೋಡಿತು. ಆಮೇಲೆ ಅವರು ‘ರಸಾಯನ ಎಂಜಿನ್’ ಎಂದು ಕರೆದ ಮೂರು ನಿಯಮಗಳನ್ನು ಇಟ್ಟುಕೊಂಡರು. ಬೆಂಕಿ, ನೀರು, ಗಾಳಿ, ಮಿಂಚಿನಂಥ ಧಾತುಗಳು ವಸ್ತುವಿನ ಸ್ಥಿತಿಯನ್ನು ಬದಲಿಸಬಲ್ಲವು. ಧಾತುಗಳು ಒಂದನ್ನೊಂದು ಬದಲಿಸಬಲ್ಲವು. ವಸ್ತು ಮಾತ್ರ ಇನ್ನೊಂದು ವಸ್ತುವಿನ ಸ್ಥಿತಿಯನ್ನು ಬದಲಿಸಲಾರದು. ಇದರಿಂದಾಗಿ ಒಣಹುಲ್ಲಿಗೆ ಬೆಂಕಿ ಹಚ್ಚಿದರೆ ಬಿಸಿಗಾಳಿ ಮೇಲೇಳುತ್ತದೆ, ಆ ಗಾಳಿಯ ಮೇಲೆ ಗ್ಲೈಡರ್ ಬಿಚ್ಚಿ ಆಟಗಾರ ಮೇಲಕ್ಕೇರಬಹುದು. ಗುಡುಗು ಮಳೆಯಲ್ಲಿ ಲೋಹದ ಕತ್ತಿ ಹಿಡಿದರೆ ಸಿಡಿಲು ಅವನನ್ನೇ ಹುಡುಕಿ ಬರುತ್ತದೆ. ಅದೇ ಕತ್ತಿಯನ್ನು ಶತ್ರುಗಳ ನಡುವೆ ಎಸೆದರೆ ಸಿಡಿಲು ಅಲ್ಲಿ ಬೀಳುತ್ತದೆ. ‘ಸ್ಕೈರಿಮ್’ನ ಬಕೆಟ್‌ಗೂ ಈ ಸಿಡಿಲಿಗೂ ಇರುವ ದೂರದಲ್ಲೇ ನನ್ನ ವಾದವೆಲ್ಲ ಇದೆ. ಎರಡೂ ವ್ಯವಸ್ಥೆಗಳ ಸಂಯೋಗದಿಂದ ಹುಟ್ಟಿದವು. ಆದರೆ ಒಂದು, ಲೋಕವನ್ನು ಆದಷ್ಟು ಪೂರ್ಣವಾಗಿ ಕಟ್ಟಿದ್ದರಿಂದ ತಾನಾಗಿ ಒದಗಿದ ಆಕಸ್ಮಿಕ. ಇನ್ನೊಂದು, ಆಟಗಾರ ಕೈಯಿಂದ ಮಾಡಬಲ್ಲ ಕೆಲವೇ ಕೆಲಸಗಳಿಗೆ ಲೋಕವೆಲ್ಲ ಓಗೊಡುವಂತೆ ಆಯ್ದು ಇಟ್ಟ ನಿಯಮ. ಗೋಪುರ ಹತ್ತಿ ನಕ್ಷೆ ಪಡೆಯುವ ಪದ್ಧತಿ ಫ್ರಾನ್ಸಿನ ಗೇಮ್ ಸಂಸ್ಥೆ ಯೂಬಿಸಾಫ್ಟ್‌ನ ಗೇಮ್‌ಗಳಲ್ಲಿ ಆಗಲೇ ಸವೆದುಹೋಗಿತ್ತು. ಇಲ್ಲಿಯೂ ಗೋಪುರಗಳಿವೆ, ಆದರೆ ಹತ್ತಿದರೆ ನಕ್ಷೆಯಲ್ಲಿ ಸಿಗುವುದು ಬೆಟ್ಟ, ಹೊಳೆ ಮತ್ತು ಊರ ಹೆಸರುಗಳು ಮಾತ್ರ. ಎಲ್ಲಿಗೆ ಹೋಗಬೇಕೆಂಬುದನ್ನು ಆಟಗಾರ ಸ್ವಂತ ಕಣ್ಣಿನಿಂದ ನೋಡಿ ಗುರುತು ಹಾಕಿಕೊಳ್ಳಬೇಕು.

‘ಡಾರ್ಕ್ ಸೋಲ್ಸ್’ ನಿರ್ದೇಶಿಸಿದ ಹಿದೆತಾಕಾ ಮಿಯಾಝಾಕಿ ಅವರ ದಾರಿ ಇನ್ನೊಂದು ಬಗೆಯದು. ಬಾಲ್ಯದಲ್ಲಿ ಗ್ರಂಥಾಲಯದಿಂದ ತಂದ, ಪೂರ್ತಿ ಅರ್ಥವಾಗದ ಪುಸ್ತಕಗಳನ್ನು ಓದುತ್ತ, ತಿಳಿಯದ ಭಾಗಗಳನ್ನು ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದುದಾಗಿ ಅವರು ಹೇಳಿದ್ದಾರೆ. 2011ರ ‘ಡಾರ್ಕ್ ಸೋಲ್ಸ್’ ಆ ಓದಿನ ಅನುಭವದಂತೆಯೇ ಇದೆ. ಅದರ ಕೋಟೆಗಳು, ನೈಟ್‌ಗಳು, ಡ್ರ್ಯಾಗನ್‌ಗಳೆಲ್ಲ ಯುರೋಪಿನವು, ಲೋಕ ವಿಶಾಲವಾದದ್ದು, ಆದರೆ ಕಥೆ ಒಂದು ಉಂಗುರದ ವಿವರಣೆಯಲ್ಲಿ, ಒಂದು ಶವ ಬಿದ್ದಿರುವ ಜಾಗದಲ್ಲಿ ಚೂರುಚೂರಾಗಿ ಸಿಗುತ್ತದೆ. ಕೈಯ ಮಟ್ಟದಲ್ಲಿ ಅದು ಸಂಪೂರ್ಣ ಆರ್ಕೇಡ್: ಒಮ್ಮೆ ಬೀಸಿದ ಕತ್ತಿಯನ್ನು ನಡುವೆ ನಿಲ್ಲಿಸುವಂತಿಲ್ಲ, ಶತ್ರುವಿನ ಪ್ರತಿ ಚಲನೆಯೂ ಮುನ್ಸೂಚನೆ ಕೊಟ್ಟೇ ಬರುತ್ತದೆ, ಸತ್ತರೆ ತಪ್ಪು ಯಾರದೆಂದು ಆಟಗಾರನಿಗೆ ಗೊತ್ತಿರುತ್ತದೆ. ಕೈಯಿಂದ ಹೊರಟವರೂ ಲೋಕದಿಂದ ಹೊರಟವರೂ ಇಷ್ಟು ಸಮಸಮವಾಗಿ ಸಂಧಿಸಿದ ಇನ್ನೊಂದು ಗೇಮನ್ನು ನಾನು ಕಂಡಿಲ್ಲ. ಆ ಶೈಲಿಯನ್ನು ಇಂದು ಪೋಲೆಂಡಿನಲ್ಲೂ ಕೊರಿಯಾದಲ್ಲೂ ಕಲಿತು ಮಾಡುತ್ತಿದ್ದಾರೆ.

2025ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಮೋಂಪೆಲಿಯೇ ನಗರದ ಸ್ಯಾಂಡ್‌ಫಾಲ್ ಎಂಬ ಹೊಸ ತಂಡ ‘ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ ಹೊರತಂದಿತು. ಅದರ ನಿರ್ದೇಶಕ ಗಿಯೋಮ್ ಬ್ರೋಶ್ ಹಿಂದೆ ಯೂಬಿಸಾಫ್ಟ್‌ನಲ್ಲಿದ್ದವರು, ‘ಫೈನಲ್ ಫ್ಯಾಂಟಸಿ’ಯಂಥ ಸರದಿ ಕಾಳಗದ ಜಪಾನೀ ಗೇಮ್‌ಗಳನ್ನು ಪ್ರೀತಿಸಿ ಬೆಳೆದವರು. ಗೇಮ್‌ನ ಊರು ಪ್ಯಾರಿಸಿನ ನೆರಳು, ಕಾಳಗದ ಚೌಕಟ್ಟು ಹೊರಿಯಿ ಅವರ ಆಜ್ಞೆಗಳ ಪಟ್ಟಿಯಿಂದ ಬಂದದ್ದು. ಆದರೆ ಶತ್ರುವಿನ ಸರದಿ ಬಂದಾಗ ಆಟಗಾರ ಸುಮ್ಮನೆ ಕೂರುವಂತಿಲ್ಲ; ಬೀಸಿಬರುವ ಏಟಿನ ಲಯವನ್ನು ಕಿವಿಯಿಂದಲೂ ಕಣ್ಣಿನಿಂದಲೂ ಹಿಡಿದು, ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಿ ಅದನ್ನು ತಡೆಯಬೇಕು, ಸರಣಿಯ ಏಟುಗಳನ್ನೆಲ್ಲ ತಡೆದರೆ ಪ್ರತಿಯೇಟು ತಾನಾಗಿ ಬೀಳುತ್ತದೆ. ಮಿಯಾಝಾಕಿಯವರ ‘ಸೆಕಿರೊ’ ಆಡಿದವರ ಬೆರಳಿಗೆ ಆ ತಡೆಯ ಪರಿಚಯ ಮೊದಲ ಕಾಳಗದಲ್ಲೇ ಸಿಗುತ್ತದೆ. ಇದನ್ನು ಪಾಶ್ಚಾತ್ಯ ಗೇಮ್ ಎನ್ನಬೇಕೋ ಜಪಾನೀ ಗೇಮ್ ಎನ್ನಬೇಕೋ ಎಂಬ ಚರ್ಚೆ ಎರಡೂ ಕಡೆಯ ಅಭಿಮಾನಿಗಳ ನಡುವೆ ನಡೆದೇ ಇದೆ. ನನಗೆ ಆ ಚರ್ಚೆಗಿಂತ, ಮೂವತ್ತು ಮಂದಿಯ ಆಸುಪಾಸಿನ ಒಂದು ಸಣ್ಣ ತಂಡ ಆ ತಡೆಯ ಸದ್ದು ಮತ್ತು ಸಮಯವನ್ನು ಇಷ್ಟು ಚೊಕ್ಕವಾಗಿ ಹೇಗೆ ಹೊಂದಿಸಿತು ಎಂಬುದನ್ನು ಬಿಡಿಸಿ ನೋಡುವುದರಲ್ಲೇ ಹೆಚ್ಚು ಆಸಕ್ತಿ.